ನಡೆದದ್ದೋ, ಕಟ್ಟಿದ್ದೋ? ಕಾದಂಬರಿ ಪ್ರಿಯರು ಆತ್ಮಕಥೆ ಹಿಡಿದಾಗ

ಮುತ್ತುಗದೆಲೆ

ಕಾದಂಬರಿ ಎಂದರೆ ನನಗೆ ಪ್ರಾಣ. ಹೈಸ್ಕೂಲಿನಲ್ಲಿ ತ್ರಿವೇಣಿಯವರ ಪುಸ್ತಕಗಳಿಂದ ಅಂಟಿದ ಗೀಳು, ನನ್ನ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ ಮೇಲೂ ಬಿಟ್ಟಿಲ್ಲ. ವರ್ಷಕ್ಕೆ ಹದಿನೈದು ಇಪ್ಪತ್ತು ಕಾದಂಬರಿ ಓದಿದರೆ ಅವುಗಳ ನಡುವೆ ಒಂದೋ ಎರಡೋ ಆತ್ಮಕಥೆ ಬಂದು ಹೋಗುತ್ತದೆ. ಯಾರೋ ಒಳ್ಳೆಯದೆಂದು ಹೇಳಿದರು ಎಂಬ ಕಾರಣಕ್ಕೆ ನಾನು ಆತ್ಮಕಥೆ ಹಿಡಿದದ್ದೇ ಇಲ್ಲ. ಒಂದು ಕಾದಂಬರಿ ಮುಗಿದು ಕಪಾಟು ಸೇರಿದ ಮೇಲೂ ಅದರ ಯಾವುದೋ ಪ್ರಶ್ನೆ ಒಳಗೆ ಕೊರೆಯುತ್ತಿದ್ದರೆ ಮಾತ್ರ ಆ ಕಡೆ ತಿರುಗುತ್ತೇನೆ. ಇದು ಹೇಗೆ ಅಭ್ಯಾಸವಾಯಿತು ಎಂದು ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಬರೆಯಿರಿ.

ನನ್ನ ತಾಯಿಯ ತಾಯಿ ಅರಸೀಕೆರೆ ಕಡೆಯವರು. ಕೆಲವು ವರ್ಷಗಳ ಹಿಂದೆ ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆ ಕಾಯುತ್ತಾ ಒಂದು ಬೇಸಿಗೆ ಪೂರ್ತಿ ನಮ್ಮ ಮನೆಯಲ್ಲಿದ್ದರು. ಅವರಿಗೆ ಹೊತ್ತು ಹೋಗಲಿ ಎಂದು ಭೈರಪ್ಪನವರ ‘ಗೃಹಭಂಗ’ವನ್ನು ಓದಿ ಹೇಳಲು ಶುರು ಮಾಡಿದೆ. ಮಧ್ಯಾಹ್ನ ಊಟವಾದ ಮೇಲೆ ಹಜಾರದಲ್ಲಿ ಚಾಪೆ ಹಾಸಿ, ಕಾಲು ಚಾಚಿ, ಗೋಡೆಗೆ ಒರಗಿ ಕೂರುತ್ತಿದ್ದರು. ನಂಜಮ್ಮ ಗಂಡ ಮಾಡಬೇಕಾದ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುವುದು, ಮುತ್ತುಗದ ಎಲೆ ಹಚ್ಚಿ ಸಂಸಾರ ತೂಗಿಸುವುದು ಬಂತು. ನಾನು ಪುಟದಿಂದ ತಲೆ ಎತ್ತಿ ನೋಡಿದರೆ ಅಜ್ಜಿಯ ಬೆರಳುಗಳು ಮಡಿಲಲ್ಲಿ ಆಡುತ್ತಿದ್ದವು. ಎಡಗೈಯಲ್ಲಿ ಎಲೆಗೆ ಎಲೆ ಜೋಡಿಸಿ ಹಿಡಿದು, ಬಲಗೈಯಲ್ಲಿ ಕಡ್ಡಿ ಚುಚ್ಚಿ, ಪಟಕ್ಕನೆ ಮುರಿದು, ಮತ್ತೆ ಚುಚ್ಚುವ ಹಾಗೆ. ಕೈಯಲ್ಲಿ ಎಲೆಯೂ ಇರಲಿಲ್ಲ, ಕಡ್ಡಿಯೂ ಇರಲಿಲ್ಲ.

ಪ್ಲೇಗು ಬರುವ ಭಾಗಕ್ಕೆ ಬಂದೆವು. ಊರಿನಲ್ಲಿ ಇಲಿ ಬೀಳುತ್ತದೆ, ಜನ ಮನೆಗಳಿಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಳ್ಳುತ್ತಾರೆ. ಅಜ್ಜಿ ಕೈ ಎತ್ತಿ ಓದು ನಿಲ್ಲಿಸಿದರು. “ಇದು ನಡೆದದ್ದೋ, ಕಟ್ಟಿದ್ದೋ?” ಎಂದು ಕೇಳಿದರು. ಅವರು ಏಳೆಂಟು ವರ್ಷದವರಿದ್ದಾಗ ಅವರ ಮನೆಯವರೂ ಹಾಗೆಯೇ ಊರು ಬಿಟ್ಟಿದ್ದರಂತೆ. ಗುಡಿಸಲಿಗೆ ಹೋಗುವಾಗ ಒಂಬತ್ತು ಜನ, ಹಿಂದಿರುಗುವಾಗ ಏಳು. ಅಷ್ಟು ವರ್ಷ ನಮ್ಮಲ್ಲಿ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ. ನನಗೆ ಹೆದರಿಕೆಯಾಗಿ, “ಕಟ್ಟಿದ್ದು ಅಜ್ಜಿ, ಬರೀ ಕಥೆ” ಎಂದುಬಿಟ್ಟೆ.

ಓದು ಮುಂದುವರಿಯಿತು. ಪಾರ್ವತಿ, ರಾಮಣ್ಣ ಹೋದರು. ನಂಜಮ್ಮನೂ ಹೋದಳು. ಕೊನೆಯಲ್ಲಿ ಚಿಕ್ಕ ಹುಡುಗ ವಿಶ್ವ, ಮಹಾದೇವಯ್ಯನವರ ಜೊತೆ ಊರು ಬಿಟ್ಟು ಹೊರಡುತ್ತಾನೆ. ನಾನು ಪುಸ್ತಕ ಮುಚ್ಚಿದೆ. ಅಜ್ಜಿ ಅಳಲಿಲ್ಲ. “ಆಮೇಲೆ ಆ ಹುಡುಗನಿಗೆ ಅನ್ನ ಹಾಕಿದವರು ಯಾರು?” ಎಂದರು. ಪುಸ್ತಕ ಮುಗಿಯಿತು ಅಜ್ಜಿ, ಎಂದೆ. “ಪುಸ್ತಕ ಮುಗಿದರೇನು, ಹುಡುಗ ಇದ್ದಾನಲ್ಲ” ಎಂದರು.

2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡ ಸುದ್ದಿ ಬಂದ ವಾರ ‘ಭಿತ್ತಿ’ಯನ್ನು ತಂದು ಓದಿದೆ. ‘ಗೃಹಭಂಗ’ ಬಂದದ್ದು 1970ರಲ್ಲಿ, ಆತ್ಮಕಥೆ 1996ರಲ್ಲಿ. ಸಂತೇಶಿವರದ ಬಾಲ್ಯ, ಪ್ಲೇಗಿಗೆ ಬಲಿಯಾದ ಒಡಹುಟ್ಟಿದವರು, ತಾಯಿ ಗೌರಮ್ಮನ ಸಾವು, ತಮ್ಮನ ಶವವನ್ನು ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದ ಹುಡುಗ, ಎಲ್ಲವೂ ಅಲ್ಲಿತ್ತು. ಆಮೇಲೆ ಆ ಹುಡುಗ ಏನು ತಿಂದ, ಎಲ್ಲಿ ಮಲಗಿದ, ಊದುಬತ್ತಿ ಮಾರಿದ್ದು, ಸಿನಿಮಾ ಟೆಂಟಿನ ಗೇಟಿನಲ್ಲಿ ನಿಂತದ್ದು, ಹೋಟೆಲಿನಲ್ಲಿ ದುಡಿದದ್ದು, ಅದೂ ಇತ್ತು. ಅಜ್ಜಿಯ ಪ್ರಶ್ನೆಗೆ ಉತ್ತರ ನಾನು ‘ಗೃಹಭಂಗ’ ಓದಿ ಹೇಳುತ್ತಿದ್ದ ದಿನವೂ ಅಚ್ಚಾಗಿ ಅಂಗಡಿಗಳಲ್ಲಿತ್ತು. ನಾನು ನೋಡಿರಲಿಲ್ಲ.

ಕಾದಂಬರಿಯಲ್ಲಿ ಸಾವು ಬರುವ ಮುಂಚೆ ಲೇಖಕ ನಮ್ಮ ಕೈ ಹಿಡಿದುಕೊಂಡಿರುತ್ತಾನೆ. ಸತ್ತವರ ಸುತ್ತ ಒಂದು ಮೌನವನ್ನೂ ಕಟ್ಟಿಕೊಡುತ್ತಾನೆ. ಆತ್ಮಕಥೆಯಲ್ಲಿ ಆ ಮೌನಕ್ಕೆ ಬಿಡುವಿಲ್ಲ. ಮಾರನೆಯ ದಿನ ಬೆಳಗಾಗುತ್ತದೆ, ಹುಡುಗನಿಗೆ ಹಸಿವಾಗುತ್ತದೆ, ಶಾಲೆಯ ಗಂಟೆ ಹೊಡೆಯುತ್ತದೆ. ನಾನು ಕಾದಂಬರಿಯವಳೇ, ಬದಲಾಗುವುದಿಲ್ಲ. ಆದರೆ ಆ ಮಾರನೆಯ ದಿನವನ್ನು ನೋಡಬೇಕೆನಿಸಿದಾಗ ಹೋಗುವುದು ಆತ್ಮಕಥೆಗೇ.

ನೀವು ಯಾವಾಗ ಹೋಗುತ್ತೀರಿ? ಯಾವ ಪುಟದಲ್ಲಿ ಬೇಸತ್ತು ಮುಚ್ಚಿಡುತ್ತೀರಿ?

ತಿಪಟೂರಿನ ನಿವೃತ್ತ ಮೇಷ್ಟ್ರು

ತಂಗೀ, ನೀವು ಅಜ್ಜಿಗೆ ಹೇಳಿದ್ದು ಸುಳ್ಳಲ್ಲ. ಅದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ನಡೆದದ್ದನ್ನು ಕಟ್ಟಿದರೂ ಅದು ಕಟ್ಟಿದ್ದೇ. ನಂಜಮ್ಮ ಗೌರಮ್ಮನಲ್ಲ. ತಾಯಿಯ ನೆನಪಿನಿಂದ ಎದ್ದು ಬಂದ ಬೇರೊಬ್ಬಳು ಆಕೆ. ತಾಯಿ ಸತ್ತು ಎಷ್ಟೋ ವರ್ಷಗಳಾದ ಮೇಲೆ, ಓದಿ ಬೆಳೆದ ಮಗ ತನ್ನ ಕಸುಬಿನ ಎಲ್ಲ ಬಲವನ್ನೂ ಹಾಕಿ ಕಟ್ಟಿದ ಹೆಣ್ಣು.

ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವನು ನಾನು. ಆತ್ಮಕಥೆಗಳ ಬಗ್ಗೆ ನನಗೊಂದು ತಕರಾರಿದೆ. ಎಂಟು ವರ್ಷದವನಿದ್ದಾಗ ಸೋದರಮಾವ ಆಡಿದ ಮಾತನ್ನು ಅರವತ್ತನೆಯ ವಯಸ್ಸಿನಲ್ಲಿ ಉದ್ಧರಣ ಚಿಹ್ನೆ ಹಾಕಿ ಬರೆಯುತ್ತಾರಲ್ಲ, ಅದನ್ನು ಹೇಗೆ ನಂಬಲಿ? ನನ್ನ ಮದುವೆಯ ದಿನ ನನ್ನ ತಂದೆ ಏನು ಹೇಳಿದರು ಎಂದು ನನಗೂ ನನ್ನ ತಮ್ಮನಿಗೂ ಇಂದಿಗೂ ಒಮ್ಮತವಿಲ್ಲ. ಇಬ್ಬರೂ ಅಲ್ಲೇ ನಿಂತಿದ್ದೆವು. ಕಾದಂಬರಿಕಾರ ‘ಇದು ಕಟ್ಟಿದ್ದು’ ಎಂದು ಮೊದಲೇ ಒಪ್ಪಿಕೊಂಡು ಕೆಲಸಕ್ಕೆ ಇಳಿಯುತ್ತಾನೆ. ಆ ಒಪ್ಪಿಗೆಯಲ್ಲಿ ಒಂದು ನಿಯತ್ತಿದೆ.

ಕಾದಂಬರಿ ಪ್ರಿಯರು ಆತ್ಮಕಥೆಗೆ ಇಳಿಯುವ ಮುಂಚೆ ಕಾರಂತರ ‘ಅಳಿದ ಮೇಲೆ’ಯನ್ನು ಓದಬೇಕು ಎಂದು ನಾನು ಹೇಳುತ್ತಿರುತ್ತೇನೆ. 1960ರ ಕಾದಂಬರಿ. ಯಶವಂತರಾಯನೆಂಬ ಪರಿಚಿತ ಮುಂಬೈಯಲ್ಲಿ ಸಾಯುತ್ತಾನೆ. ಅವನು ಬಿಟ್ಟು ಹೋದ ಒಂದಿಷ್ಟು ಹಣ, ಕಾಗದಪತ್ರ, ಚಿತ್ರಗಳನ್ನು ಹಿಡಿದು ನಿರೂಪಕ ಅವನ ಊರಿನ ಕಡೆ ಹೊರಡುತ್ತಾನೆ. ಅವನು ಯಾರು ಯಾರಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದನೋ ಅವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಮಾತನಾಡಿಸುತ್ತಾನೆ. ಪ್ರತಿಯೊಬ್ಬರ ಬಾಯಲ್ಲೂ ಯಶವಂತರಾಯ ಬೇರೆಯಾಗಿಯೇ ಕಾಣುತ್ತಾನೆ. ಒಬ್ಬ ಮನುಷ್ಯನ ಬದುಕನ್ನು ತಿಳಿಯುವುದೆಂದರೆ ಎಷ್ಟು ಮನೆಗಳ ಬಾಗಿಲು ತಟ್ಟಬೇಕು ಎಂಬುದನ್ನು ಆ ಪುಸ್ತಕ ನನಗೆ ಕಲಿಸಿತು. ಅದನ್ನು ಓದಿದ ಮೇಲೆ ಒಬ್ಬರೇ ಕುಳಿತು ತಮ್ಮ ಬಗ್ಗೆ ತಾವೇ ಬರೆದುಕೊಂಡ ಪುಸ್ತಕ ಕೈಗೆ ಬಂದರೆ, ಬಾಗಿಲು ತಟ್ಟದ ಮನೆಗಳು ಯಾವುವು ಎಂದೇ ಹುಡುಕುತ್ತೇನೆ.

ಸಾಧನಕೇರಿ ದಾರಿ

ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಉಳಿದ ಅರ್ಧಕ್ಕೆ ನನ್ನ ಉತ್ತರ ಕಾರ್ನಾಡರ ‘ಆಡಾಡತ ಆಯುಷ್ಯ’ದ ಅರ್ಪಣೆ.

ನಾನು ಧಾರವಾಡದವನು. ನಾಟಕ, ಕಾದಂಬರಿ ಬಿಟ್ಟು ಬೇರೆ ಓದುವುದು ಕಡಿಮೆ. 2011ರಲ್ಲಿ ಮನೋಹರ ಗ್ರಂಥಮಾಲೆಯಿಂದ ಆ ಪುಸ್ತಕ ಬಂದಾಗ, ಹೆಸರು ಬೇಂದ್ರೆಯವರ ಸಾಲಿನಿಂದ ಬಂದದ್ದು ಎಂಬ ಮೋಹಕ್ಕೆ ಕೊಂಡೆ. ಮೊದಲ ಪುಟಗಳಲ್ಲೇ ಕುಸಿದು ಕುಳಿತೆ. ಮನೆಯಲ್ಲಿ ಊಟಕ್ಕೆ ಕುಳಿತಾಗ ಕಾರ್ನಾಡರ ತಾಯಿ ಮಾತಿಗೆ ಮಾತು ಬಂದು ಹೇಳುತ್ತಾರೆ: ಈ ಮಗ ಹೊಟ್ಟೆಯಲ್ಲಿದ್ದಾಗ ಬೇಡವೆಂದುಕೊಂಡು ಪುಣೆಯಲ್ಲಿ ಡಾಕ್ಟರ್ ಮಧುಮಾಲತಿ ಗುಣೆ ಎಂಬುವರ ದವಾಖಾನೆಗೆ ಹೋಗಿದ್ದೆವು. ಆ ದಿನ ಡಾಕ್ಟರು ಬರಲಿಲ್ಲ. ಕಾದು ಕಾದು ಎದ್ದು ಬಂದೆವು. ಮತ್ತೆ ಹೋಗಲಿಲ್ಲ. ಆಗ ಕಾರ್ನಾಡರಿಗೆ ಮೂವತ್ತೈದರ ಆಸುಪಾಸು. ತನ್ನ ಇಡೀ ಆಯುಷ್ಯ ಒಬ್ಬ ವೈದ್ಯೆ ಆ ದಿನ ಬರದಿದ್ದುದರಿಂದ ಸಿಕ್ಕಿದ್ದು ಎಂದು ತಿಳಿದ ಮನುಷ್ಯ, ಪುಸ್ತಕವನ್ನು ಆಕೆಗೇ ಅರ್ಪಿಸಿದ್ದಾರೆ.

ಇದನ್ನೇ ಒಂದು ನಾಟಕದಲ್ಲಿ ಇಟ್ಟಿದ್ದರೆ, ಕಾಕತಾಳೀಯವನ್ನು ಹೀಗೆಲ್ಲ ಬಳಸಬಾರದು ಎಂದು ವಿಮರ್ಶಕರು ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಕಟ್ಟುವವನಿಗೆ ಕಾರಣ ಕೊಡುವ ಹೊಣೆ ಇರುತ್ತದೆ. ಬದುಕಿಗೆ ಆ ಹೊಣೆ ಇಲ್ಲ, ಆತ್ಮಕಥೆಗೂ ಇಲ್ಲ. ಕಾದಂಬರಿಯ ಕಾರಣ ಪರಿಣಾಮಗಳಿಗೆ ಒಗ್ಗಿಹೋದ ನನ್ನ ಮನಸ್ಸಿಗೆ ಆಗಾಗ ಈ ಏಟು ಬೇಕು. ಉದ್ಧರಣ ಚಿಹ್ನೆಯ ಒಳಗಿನ ಮಾತು ಅಕ್ಷರಕ್ಕೆ ಅಕ್ಷರ ಹಾಗೇ ಇತ್ತೋ ಇಲ್ಲವೋ, ಡಾಕ್ಟರು ಬರಲಿಲ್ಲ ಎಂಬುದಂತೂ ನಿಜ ಮೇಷ್ಟ್ರೇ. ಅವರು ಬಂದಿದ್ದರೆ ‘ತುಘಲಕ್’ ಇಲ್ಲ.

ಮಾಗಡಿ ರಸ್ತೆ

ಇಲ್ಲಿ ಎಲ್ಲರೂ ಕಾದಂಬರಿಯಿಂದ ಆತ್ಮಕಥೆಗೆ ಹೋದವರೇ ಮಾತನಾಡುತ್ತಿದ್ದೀರಿ. ನಾನು ಹೋದ ದಾರಿ ತಿರುಗು. ಅದನ್ನೂ ಹೇಳಬೇಕೆನಿಸಿತು.

ಪಿ.ಯು.ಸಿ. ಓದುವಾಗ ಹಾಸ್ಟೆಲಿನಲ್ಲಿ ಹಿರಿಯರೊಬ್ಬರು ಸಿದ್ದಲಿಂಗಯ್ಯನವರ ‘ಊರುಕೇರಿ’ ಕೊಟ್ಟರು. ಮೊದಲ ದೃಶ್ಯ ಇಂದಿಗೂ ಕಣ್ಣ ಮುಂದಿದೆ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಹಿಂದೆ ಒಬ್ಬ ನೇಗಿಲು ಹಿಡಿದು ಉಳುತ್ತಿದ್ದಾನೆ. ನೋಡುತ್ತಾ ನಿಂತ ಹುಡುಗನಿಗೆ ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ತನ್ನ ಅಪ್ಪ ಎಂದು ತಿಳಿಯುತ್ತದೆ. ಅದನ್ನು ಅವರು ಬರೆದ ರೀತಿ ನೋಡಿ. ಗೋಳಿಲ್ಲ, ಘೋಷಣೆ ಇಲ್ಲ. ‘ಹೊಲೆಮಾದಿಗರ ಹಾಡು’ ಬರೆದ ಕವಿಗೆ ಘೋಷಣೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಇಲ್ಲಿ ಬೇಡವೆಂದು ಬಿಟ್ಟಿದ್ದಾರೆ. ಮುಂದಿನ ಪುಟಗಳಲ್ಲಿ ನಗಿಸುತ್ತಾರೆ, ನಿಜವಾಗಿಯೂ ನಗಿಸುತ್ತಾರೆ. ನಾವು ನಾಲ್ಕು ಜನ ಹುಡುಗರು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬ ಓದುವುದು, ಮೂವರು ಕೇಳುವುದು ಮಾಡಿದೆವು. ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಯಾರೂ ಮಾತನಾಡದೆ ಮಲಗಿದೆವು.

ಅದಾದ ಮೇಲೆ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಓದಿದೆ. ಕಾದಂಬರಿ ನನ್ನ ಬಳಿ ಬಂದದ್ದು ಇವೆಲ್ಲ ಆದ ಮೇಲೆ, ದೇವನೂರರ ‘ಒಡಲಾಳ’, ‘ಕುಸುಮಬಾಲೆ’ಗಳ ಮೂಲಕ. ಈಗ ನಾನೂ ಕಾದಂಬರಿಯ ಹುಚ್ಚನೇ. ಆದರೆ ಮುತ್ತುಗದೆಲೆಯವರ ಅಜ್ಜಿಯ ಪ್ರಶ್ನೆ ನಮ್ಮ ಕೇರಿಯಲ್ಲಿ ಏಳುತ್ತಲೇ ಇರಲಿಲ್ಲ. ‘ನಡೆದದ್ದು’ ಎಂದು ಒತ್ತಿ ಒತ್ತಿ ಹೇಳದಿದ್ದರೆ ಹೊರಗಿನವರು ನಂಬುವುದೇ ಇಲ್ಲ. ಕಥೆ ಮಾಡಿ ಹೇಳಿದರೆ, ಚೆನ್ನಾಗಿ ಕಟ್ಟಿದ್ದಾನೆ ಎಂದು ಬೆನ್ನು ತಟ್ಟಿ ಸುಮ್ಮನಾಗುತ್ತಾರೆ. ಹೀಗಾಗಿ ಮೇಷ್ಟ್ರು ಹೇಳಿದ ಕಟ್ಟುವವನ ನಿಯತ್ತು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಲ್ಲ. ಸಾಕ್ಷಿ ನುಡಿಯಬೇಕಾದವನು ಸಾಕ್ಷಿಯ ಕಟ್ಟೆಗೇ ಹತ್ತಬೇಕು.

ಇನ್ನೊಂದು ಮಾತು. ಆತ್ಮಕಥೆ ಎಂದರೆ ಒಬ್ಬ ತನ್ನ ಬಗ್ಗೆ ಬರೆದುಕೊಂಡದ್ದು ಎಂದು ಇಲ್ಲಿ ಮೇಲೆ ಬಂದಿದೆ. ‘ಊರುಕೇರಿ’ ಎಂಬ ಹೆಸರೇ ನೋಡಿ. ಅದರಲ್ಲಿ ‘ನಾನು’ ಎಲ್ಲಿದೆ?

ಹೊಸ ಓದುಗ

ನಡುವೆ ಬಂದು ಬೇರೆ ವಿಷಯ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ತಾಯಿ ನಿವೃತ್ತರಾಗಿದ್ದಾರೆ. ವಾರಪತ್ರಿಕೆಗಳ ಧಾರಾವಾಹಿ, ಎಂ. ಕೆ. ಇಂದಿರಾ, ತ್ರಿವೇಣಿ, ಇವೇ ಅವರ ಓದು. ಈಗ ಅವೆಲ್ಲ ಎರಡೆರಡು ಸಲ ಆಗಿವೆ. ಆತ್ಮಕಥೆ ಕೊಡಲೇ ಎಂದರೆ, “ನಿಜ ಜೀವನ ಬೇಡ ಮಾರಾಯ, ಅದು ದಿನಾ ಇದ್ದದ್ದೇ” ಎನ್ನುತ್ತಾರೆ. ಯಾವುದರಿಂದ ಶುರು ಮಾಡಿಸಲಿ?

ಗ್ರಂಥಾಲಯದಿಂದ

ನಿಮ್ಮ ತಾಯಿ ಆಗಲೇ ಶುರು ಮಾಡಿದ್ದಾರೆ ತಮ್ಮಾ. ಇಂದಿರಾ ಅವರನ್ನು ಓದಿದ್ದರೆ ‘ಫಣಿಯಮ್ಮ’ ಓದಿಯೇ ಇರುತ್ತಾರೆ. ಅದು ಕಾದಂಬರಿ ಎಂದೇ 1976ರಲ್ಲಿ ಬಂತು, ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಆದರೆ ಆ ಬಾಲವಿಧವೆ ಕಲ್ಪನೆಯ ಕೂಸಲ್ಲ. ಇಂದಿರಾ ಅವರ ಕುಟುಂಬದಲ್ಲೇ ಬಾಳಿದ್ದ ಹಿರಿಯ ಜೀವ. ಆಕೆಯ ಬದುಕು ಮನೆಯ ಹೆಂಗಸರ ಬಾಯಿಂದ ಬಾಯಿಗೆ ಬಂದು ಲೇಖಕಿಗೆ ಸಿಕ್ಕಿದ್ದು. “ಅಮ್ಮಾ, ಫಣಿಯಮ್ಮ ನಿಜವಾಗಿ ಇದ್ದವರು” ಎಂದು ಹೇಳಿ, ಸುಮ್ಮನೆ ಅವರ ಮುಖ ನೋಡಿ. ಮುಂದಿನ ಪುಸ್ತಕ ಅವರೇ ಕೇಳುತ್ತಾರೆ.

ನಾನು ಜಿಲ್ಲಾ ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಕಾದಂಬರಿಗಳ ಸಾಲು ಎಂದರೆ ಗುರುತು ಹಿಡಿಯುವುದೇ ಕಷ್ಟ. ಬೆನ್ನು ಕಿತ್ತು, ರಟ್ಟು ಬಿದ್ದು, ಮತ್ತೆ ಮತ್ತೆ ಬೈಂಡು ಮಾಡಿಸಿ, ಎಲ್ಲವೂ ಒಂದೇ ಕಂದು ಬಣ್ಣಕ್ಕೆ ತಿರುಗಿವೆ. ಆತ್ಮಕಥೆಗಳ ಸಾಲು ಮಾತ್ರ ಹೊಸದಾಗಿಯೇ ನಿಂತಿರುತ್ತದೆ. ಮೊನ್ನೆ ಕಾರಂತರ ‘ಸ್ಮೃತಿಪಟಲದಿಂದ’ದ ಒಂದು ಸಂಪುಟ ತೆಗೆದು ಹಿಂಬದಿಯ ದಿನಾಂಕದ ಚೀಟಿ ನೋಡಿದೆ. ಮೂರೇ ಮುದ್ರೆ. ಪುಸ್ತಕ ಬಂದ ವರ್ಷ ಒಂದು, ಆಮೇಲೆ ಹತ್ತು ವರ್ಷ ಖಾಲಿ, ಆಮೇಲೆ ಹದಿನೈದು ದಿನಗಳ ಅಂತರದಲ್ಲಿ ಎರಡು. ಯಾರೋ ಒಬ್ಬರು ತೆಗೆದುಕೊಂಡು ಹೋಗಿ, ಅವಧಿ ಸಾಲದೆ, ಮತ್ತೆ ಬಂದು ಮುದ್ರೆ ಹಾಕಿಸಿಕೊಂಡು ಹೋಗಿದ್ದಾರೆ. ಆ ಓದುಗರು ಯಾರೆಂದು ನನಗೆ ಗೊತ್ತಿಲ್ಲ. ಆದರೆ ಅವರಿಗಾಗಿಯಾದರೂ ಆ ಸಾಲು ಅಲ್ಲಿರಬೇಕು ಎಂದು ಧೂಳು ಒರೆಸಿಟ್ಟೆ.

ತಾಯಿಯವರಿಗೆ ಎರಡನೆಯ ಪುಸ್ತಕವಾಗಿ ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ ಕೊಡಿ. ಎಂಟು ಸಂಪುಟ ಎಂದು ಹೆದರಿಸಬೇಡಿ. ‘ಕಲೋಪಾಸಕರು’ ಒಂದನ್ನು ಕೊಡಿ. ಒಬ್ಬೊಬ್ಬರದೂ ಒಂದೊಂದು ಸಣ್ಣ ಚಿತ್ರ. ಸಣ್ಣಕಥೆ ಓದುವವರಿಗೆ ತಕ್ಷಣ ಹಿಡಿಸುತ್ತದೆ. ಅಲ್ಲಿ ಬರೆಯುವವರು ತಮ್ಮನ್ನು ಹಿಂದಕ್ಕೆ ಸರಿಸಿಕೊಂಡು ತಾವು ಕಂಡವರಿಗೆ ಬೆಳಕು ಹಿಡಿಯುತ್ತಾರೆ. ಮಾಗಡಿ ರಸ್ತೆಯವರು ಕೇಳಿದ ‘ನಾನು ಎಲ್ಲಿದೆ’ ಎಂಬ ಪ್ರಶ್ನೆ ಅಲ್ಲಿಗೂ ಸಲ್ಲುತ್ತದೆ.

ಕಾಫಿ ಕಣ

ಆತ್ಮಕಥೆ ಮಾತ್ರ ಏಕೆ? ನನ್ನಂಥ ಕಥೆಯ ಹುಚ್ಚನನ್ನು ಕಾಡಿಗೆ ಕರೆದುಕೊಂಡು ಹೋದದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸಸ್ಯಶಾಸ್ತ್ರದ ಮೇಷ್ಟ್ರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಹುಡುಗರನ್ನು ಕಟ್ಟಿಕೊಂಡು ಘಟ್ಟ ಸುತ್ತಿದ ಕಥನ. ಗಿಡಗಳ ಚಿತ್ರಗಳನ್ನೂ ಅವರೇ ಬರೆದಿದ್ದಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಗಿಡದ ವಿಷಯ ಓದುತ್ತಿದ್ದೇನೆ ಎಂದು ನೆನಪಾಗುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ.

ಮತ್ತೆ ತೇಜಸ್ವಿ. ಅಜ್ಜಿಯ ಪ್ರಶ್ನೆಯನ್ನು ತೇಜಸ್ವಿಯವರ ಮುಂದಿಟ್ಟರೆ ಏನಾಗುತ್ತದೆ ನೋಡಿ. ‘ಕರ್ವಾಲೊ’ ಕಾದಂಬರಿ, 1980ರದು. ‘ಪರಿಸರದ ಕತೆ’ ತಾವು ಕಂಡ ಅನುಭವಗಳೆಂದು ಬರೆದದ್ದು, 1991ರದು. ಎರಡರಲ್ಲೂ ಕಿವಿ ಎಂಬ ನಾಯಿ ಇದೆ. ಕಾದಂಬರಿಯಲ್ಲಿ ಹಾರುವ ಓತಿ ಹುಡುಕುವವರ ಹಿಂದೆ ಓಡಿದ ಅದೇ ಹೆಸರಿನ ನಾಯಿ ಇನ್ನೊಂದು ಪುಸ್ತಕದಲ್ಲಿ ತೋಟದ ಮನೆಯಲ್ಲಿ ಓಡಾಡುತ್ತದೆ. ನಾವು ಹಾಕಿದ ಬೇಲಿ ಅದಕ್ಕೆ ಕಂಡೇ ಇಲ್ಲ. ನನ್ನ ಊರು ಮೂಡಿಗೆರೆಯಿಂದ ದೂರವೇನಿಲ್ಲ. ಮಾರ, ಪ್ಯಾರನಂಥವರು ನಮ್ಮ ಕಣದಲ್ಲೂ ಕಾಫಿ ಹರಡುತ್ತಾ ನಿಂತಿದ್ದಾರೆ. ನನಗೆ ತೇಜಸ್ವಿಯವರ ಯಾವ ಪುಟ ನಡೆದದ್ದು, ಯಾವುದು ಕಟ್ಟಿದ್ದು ಎಂದು ತಿಳಿಯಬೇಕೆಂಬ ಆಸೆ ಹುಟ್ಟಿಯೇ ಇಲ್ಲ.

ಕಡಲಕರೆ

ಮುತ್ತುಗದೆಲೆ ಅಕ್ಕಾ, ಯಾವ ಪುಟದಲ್ಲಿ ಮುಚ್ಚುತ್ತೀರಿ ಎಂದು ಕೇಳಿದ್ದಿರಲ್ಲ. ಸನ್ಮಾನಗಳು ಶುರುವಾದ ಪುಟದಲ್ಲಿ. ಬಾಲ್ಯ ಬರೆಯುವಾಗ ಬೆರಳ ತುದಿಯಲ್ಲಿ ಮಣ್ಣು ಇರುತ್ತದೆ. ಉದ್ಯೋಗ, ಬಡ್ತಿ, ಪ್ರವಾಸ, ಸಭೆ ಎಂದು ಬರುತ್ತಿದ್ದಂತೆ ಆ ಕೈ ತೊಳೆದುಕೊಂಡು ಬಂದಂತೆ ಕಾಣುತ್ತದೆ. ಎಷ್ಟೋ ಆತ್ಮಕಥೆಗಳ ಮೊದಲ ನೂರು ಪುಟ ನನ್ನ ಪ್ರಾಣ, ಉಳಿದದ್ದು ಓದಿಲ್ಲ. ಕಾರಂತಜ್ಜ ಇದರಿಂದ ಪಾರಾದವರು. ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಹುಟ್ಟಿದಂದಿನಿಂದ ಇಂದಿನವರೆಗೆ ಎಂಬ ಸರದಿ ಹಿಡಿಯದೆ ತಾವು ಬೆನ್ನು ಹತ್ತಿದ ಹುಚ್ಚುಗಳ ಹಿಂದೆ ಹೋಗುತ್ತದೆ. ನಾಟಕ, ಯಕ್ಷಗಾನ, ಮೂಕಿ ಸಿನಿಮಾ, ಪುತ್ತೂರಿನ ಬಾಲವನ, ಕೈಸುಟ್ಟುಕೊಂಡದ್ದು, ಮತ್ತೆ ಎದ್ದದ್ದು. ಸೋಲನ್ನು ಲೆಕ್ಕ ಒಪ್ಪಿಸುವಂತೆ ಬರೆಯುತ್ತಾರೆ.

ನಾನು ಹೇಳಬೇಕೆಂದು ಬಂದದ್ದು ಇದಲ್ಲ. ಮೇಷ್ಟ್ರು ‘ಬಾಗಿಲು ತಟ್ಟದ ಮನೆ’ ಎಂದರಲ್ಲ, ಆ ಮಾತು ಎರಡು ದಿನದಿಂದ ಬಿಡುತ್ತಿಲ್ಲ. ನಾನು ತಟ್ಟಿದ ಬಾಗಿಲು ಹೆಂಡತಿಯರದು.

ಲಂಕೇಶರ ‘ಹುಳಿಮಾವಿನ ಮರ’ ಓದಿದವರು ಬಹಳ ಜನ. ಕೊನಗವಳ್ಳಿಯ ಬಾಲ್ಯ, ತಾಯಿ, ಕಾಲೇಜಿನ ಮೇಷ್ಟ್ರುಗಿರಿ, ಸಿನಿಮಾ, 1980ರಲ್ಲಿ ಪತ್ರಿಕೆ. ಬರವಣಿಗೆಯ ಕಸುವು ಅಂಥದ್ದು, ಕಾದಂಬರಿಯ ಹಾಗೆ ಎಳೆದುಕೊಂಡು ಹೋಗುತ್ತದೆ. ವರ್ಷಗಳ ಮೇಲೆ ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’ ಬಂತು. ಅದೇ ಮನೆ, ಅದೇ ವರ್ಷಗಳು. ಆದರೆ ಇಲ್ಲಿ ಬರೆಯುತ್ತಿರುವವರು ಆ ಮನೆಯ ಖರ್ಚು ತೂಗಿಸಿದವರು, ಸೀರೆ ವ್ಯಾಪಾರ ಮಾಡಿ ಸ್ವಂತ ಕಾಲ ಮೇಲೆ ನಿಂತವರು. ಆಪಾದನೆಯ ದನಿ ಎತ್ತದೆ, ಮರೆಮಾಚದೆ ಹೇಳುತ್ತಾರೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿದಾಗ, ಒಳ್ಳೆಯ ಕಾದಂಬರಿಯೊಂದು ಒಂದೇ ರಟ್ಟಿನೊಳಗೆ ಮಾಡುವ ಕೆಲಸ ಇಲ್ಲಿ ಎರಡು ಪುಸ್ತಕಗಳ ನಡುವೆ ನಡೆಯಿತು. ಒಂದು ಕೋಣೆಯನ್ನು ಎರಡು ಕಿಟಕಿಗಳಿಂದ ನೋಡಿದೆ. ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯ ಸೊಗಸು ಬೇರೆ ತರಹದ್ದು. ಅಲ್ಲಿ ಪ್ರೀತಿಯೇ ಪ್ರಧಾನ. ಆದರೂ ತೇಜಸ್ವಿಯವರು ಬರೆಯದೆ ಬಿಟ್ಟ ಅಡುಗೆಮನೆ, ಮಳೆಗಾಲ, ಕಾಯುವಿಕೆ ಅಲ್ಲಿ ಸಿಗುತ್ತದೆ. ಕಾಫಿ ಕಣದವರೇ, ನಿಮಗೆ ಬೇಕಿಲ್ಲದ ಆ ಬೇಲಿಯ ಆಚೆ ಒಬ್ಬರು ದೀಪ ಹಚ್ಚಿಟ್ಟು ಕಾದಿದ್ದರು.

ಕಾದಂಬರಿ ಪ್ರಿಯರು ಆತ್ಮಕಥೆಯನ್ನು ಒಂಟಿಯಾಗಿ ಓದಬಾರದು, ಜೋಡಿಯಾಗಿ ಓದಬೇಕು. ಸಿಕ್ಕಲ್ಲೆಲ್ಲ.

ತಿಪಟೂರಿನ ನಿವೃತ್ತ ಮೇಷ್ಟ್ರು

ಮಾಗಡಿ ರಸ್ತೆಯವರಿಗೆ. ನಿಮ್ಮ ಮಾತನ್ನು ಎರಡು ಸಲ ಓದಿದೆ. ಕಟ್ಟುವುದರಲ್ಲಿ ನಿಯತ್ತಿದೆ ಎಂದು ನಾನು ಬರೆದದ್ದು, ನನ್ನ ಮಾತನ್ನು ಯಾರೂ ಅನುಮಾನಿಸದ ಮನೆಯಲ್ಲಿ ಹುಟ್ಟಿ ಬೆಳೆದವನ ಮಾತು. ತರಗತಿಯಲ್ಲಿ ಎಷ್ಟೋ ಹುಡುಗರಿಗೆ ಇದನ್ನೇ ಹೇಳಿದ್ದೇನೆ. ಅವರಲ್ಲಿ ನಿಮ್ಮಂಥವರೂ ಕುಳಿತಿದ್ದರು. ಆಗ ಒಬ್ಬರೂ ಎದ್ದು ನಿಂತು ಹೀಗೆ ಹೇಳಲಿಲ್ಲ, ಹೇಳಲು ನಾನು ಅವಕಾಶ ಕೊಟ್ಟಿದ್ದೆನೋ ಇಲ್ಲವೋ. ಸಾಕ್ಷಿಯ ಕಟ್ಟೆಯ ಮಾತನ್ನು ಒಪ್ಪಿದ್ದೇನೆ.

ಉದ್ಧರಣ ಚಿಹ್ನೆಯ ತಕರಾರು ಮಾತ್ರ ಹಾಗೆಯೇ ಇದೆ. ಅದನ್ನು ಬಿಡಲಾರೆ.

ಹೊಸ ಓದುಗ

ಅಮ್ಮನಿಗೆ ಫಣಿಯಮ್ಮನ ವಿಷಯ ಹೇಳಿದೆ. ಒಲೆ ಮೇಲಿದ್ದ ಹಾಲು ಇಳಿಸಿ ಬಂದು ಕುಳಿತು, “ಇದ್ದರೇ? ಯಾವ ಊರಿನಲ್ಲಿ?” ಎಂದು ಕೇಳಿದರು. ಈಗ ಆ ಪುಸ್ತಕವನ್ನೇ ಮೂರನೆಯ ಸಲ ಓದುತ್ತಿದ್ದಾರೆ. ಈ ಸಲ ಪೆನ್ಸಿಲ್ ಹಿಡಿದಿದ್ದಾರೆ. ‘ಕಲೋಪಾಸಕರು’ ತರಿಸಿಟ್ಟಿದ್ದೇನೆ.

ಮುತ್ತುಗದೆಲೆ

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಎಲ್ಲರಿಗೂ ಒಂದೊಂದು ಮಾತು ಬರೆಯಬೇಕೆಂದಿದ್ದೆ. ಆದರೆ ಈ ವಾರ ಊರಿನಲ್ಲಿದ್ದೆ.

ಮಾಗಡಿ ರಸ್ತೆಯವರೇ, ನಾನು ಆತ್ಮಕಥೆಯನ್ನು ಕಾದಂಬರಿಯ ಬೆನ್ನಿಗೆ ಕಟ್ಟಿದ್ದೆ, ಅದು ನನ್ನ ಓದಿನ ದಾರಿ ಮಾತ್ರ. ‘ಊರುಕೇರಿ’ಯನ್ನು ಬಸ್ಸಿನಲ್ಲಿ ಓದಿದೆ. ನಾನು ಜೋರಾಗಿ ನಕ್ಕದ್ದಕ್ಕೆ ಪಕ್ಕದವರು ತಿರುಗಿ ನೋಡಿದರು. ನೊಗದ ದೃಶ್ಯಕ್ಕೆ ಯಾವ ಕಾದಂಬರಿಯ ಆಸರೆಯೂ ಬೇಕಿರಲಿಲ್ಲ. ಕಡಲಕರೆಯವರೇ, ‘ಹುಳಿಮಾವು ಮತ್ತು ನಾನು’ ಪಟ್ಟಿಗೆ ಸೇರಿತು.

ಮೇಷ್ಟ್ರೇ, ನಾನು ಹೇಳಿದ್ದು ಸುಳ್ಳಲ್ಲ ಎಂದು ನೀವು ಸಮಾಧಾನ ಹೇಳಿದಿರಿ. ಆದರೂ ಮನಸ್ಸು ತಡೆಯಲಿಲ್ಲ. ಅಜ್ಜಿ ಈಗ ಮಾವನ ಮನೆಯಲ್ಲಿದ್ದಾರೆ. ಎಂಬತ್ತೆಂಟು ವಯಸ್ಸು. ಕಣ್ಣು ಸರಿಹೋಗಿದೆ, ಕಿವಿ ಮಂದವಾಗಿದೆ. ‘ಭಿತ್ತಿ’ಯನ್ನು ತೆಗೆದುಕೊಂಡು ಹೋಗಿ, ಹತ್ತಿರ ಕುಳಿತು, ಗಟ್ಟಿಯಾಗಿ ಹೇಳಿದೆ: “ಅಜ್ಜೀ, ಆವತ್ತು ಕಟ್ಟಿದ್ದು ಎಂದೆನಲ್ಲ, ಅದರಲ್ಲಿ ಬಹಳಷ್ಟು ನಡೆದದ್ದು. ಆ ಹುಡುಗ ಬದುಕಿದ. ಓದಿದ. ಈ ಪುಸ್ತಕ ಅವನೇ ಬರೆದದ್ದು.”

ಅವರು ಪುಸ್ತಕವನ್ನು ಕೈಗೆ ತೆಗೆದುಕೊಂಡು ತೂಕ ನೋಡಿದರು. ಮುಖಪುಟದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಿಂದಕ್ಕೆ ಕೊಟ್ಟು, ಓದು ಎಂದರು. ಎಲ್ಲಿಂದ ಓದಲಿ ಎಂದು ಕೇಳಿದೆ. ಪ್ಲೇಗು ಬೇಡ, ಅದು ನನಗೆ ಗೊತ್ತು, ಆಮೇಲಿನದು ಓದು, ಎಂದರು.

ನಾಲ್ಕು ಮಧ್ಯಾಹ್ನ ಓದಿದೆವು. ವಾರಾನ್ನದ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿ, ಸೋಮವಾರ ಯಾರ ಮನೆ, ಮಂಗಳವಾರ ಯಾರ ಮನೆ ಎಂದು ಕೇಳಿದರು. ನಾನು ಪುಟ ತಿರುವಿ ಹುಡುಕುತ್ತಿರುವಾಗಲೇ, ಅವರ ತವರಿನಲ್ಲಿ ಗುರುವಾರ ಊಟಕ್ಕೆ ಬರುತ್ತಿದ್ದ ಹುಡುಗನೊಬ್ಬನ ಬಗ್ಗೆ ಹೇಳಲು ಶುರು ಮಾಡಿದರು. ಅವನಿಗೆ ಹುರುಳಿ ಸಾರು ಎಂದರೆ ಆಸೆಯಂತೆ. ಅವನು ಬರುವ ದಿನ ಅಜ್ಜಿಯ ತಾಯಿ ಒಂದು ಸೌಟು ಹೆಚ್ಚು ನೀರು ಹಾಕುತ್ತಿದ್ದರಂತೆ. ಹೆಸರು ನೆನಪಿಗೆ ಬರಲಿಲ್ಲ. ಸಂಜೆ ದೀಪ ಹಚ್ಚುವಾಗ ಮತ್ತೆ ಕರೆದು, “ಅವನ ಹೆಸರು ಸುಬ್ಬ” ಎಂದರು.

ಪುಸ್ತಕದಲ್ಲಿ ಇನ್ನೂ ಬಹಳ ಉಳಿದಿದೆ. ಬರುವ ಭಾನುವಾರ ಮತ್ತೆ ಹೋಗುತ್ತೇನೆ.